ಚಪ್ಪಲಿ ಹೊರಗೆ ಬಿಡಬೇಕು

ನಾನು ಚಪ್ಪಲಿ ಹೊಲಿಯುವವನು. ಹೆಸರು ಹುಸೇನಪ್ಪ. ಬಸ್‌ಸ್ಟ್ಯಾಂಡಿನ ಹಿಂದೆ ಹುಣಸೆ ಮರದ ಬುಡದಲ್ಲಿ ನನ್ನ ಅಂಗಡಿ. ಮುಖ ಮರೆತರೂ ಕಾಲು ಮರೆಯುವವನಲ್ಲ. ಯಾರ ಹಿಮ್ಮಡಿ ಎಡಕ್ಕೆ ಸವೆಯುತ್ತದೆ, ಯಾರ ಹೆಬ್ಬೆರಳು ಪಟ್ಟಿಯಿಂದ ಆಚೆ ಇಣುಕುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಈ ಊರಿನಲ್ಲಿ ಯಾರು ಎಷ್ಟು ಕುಡಿಯುತ್ತಾರೆ ಎಂಬುದೂ ನನಗೆ ಗೊತ್ತಿತ್ತು, ಪೊಲೀಸರಿಗಿಂತ, ಡಾಕ್ಟರಿಗಿಂತ ಚೆನ್ನಾಗಿ. ಯಾಕೆಂದರೆ ನಮ್ಮ ಊರಿನಲ್ಲಿ ಕುಡಿದವರು ನೆಲ ಬಿಟ್ಟು ಮೇಲೇಳುತ್ತಾರೆ. ಹಾಗೆ ಏಳದಂತೆ ಹಿಡಿದಿಡುವ ಚಪ್ಪಲಿ ಮಾಡುತ್ತಿದ್ದವನು ನಾನೊಬ್ಬನೇ.

ಒಂದು ಕ್ವಾರ್ಟರಿಗೆ ನಾಲ್ಕು ಬೆರಳು, ಎರಡಕ್ಕೆ ಒಂದು ಮೊಳ, ಅಲ್ಲಿಂದಾಚೆ ಅವರವರ ಶಕ್ತಿ. ನಶೆ ಇಳಿದ ಮೇಲೆ ತಾವಾಗಿಯೇ ಕೆಳಗೆ ಬರುತ್ತಾರೆ. ಊರು ಇದಕ್ಕೆಲ್ಲ ಎಂದೋ ಒಗ್ಗಿಹೋಗಿದೆ. ಸಾರಾಯಿ ಅಂಗಡಿಯ ಅಂಗಳಕ್ಕೆ ಮೇಲಿನಿಂದ ಮೀನಿನ ಬಲೆ ಕಟ್ಟಿದ್ದಾರೆ. ಕಿರಾಣಿ ಅಂಗಡಿಗಳ ಮುಂದೆ ದನ ಕಟ್ಟುವುದಕ್ಕೋ ಎಂಬಂತೆ ಕೊಕ್ಕೆಗಳಿವೆ. ಹೆಂಗಸರ ಸಂತೆಚೀಲದಲ್ಲಿ ಕರಿಬೇವು, ಕೊತ್ತಂಬರಿಯ ಜೊತೆ ಒಂದು ಸುತ್ತು ಹಗ್ಗ ಇದ್ದೇ ಇರುತ್ತದೆ. ಕಂಡಕ್ಟರು ಕಾಲು ಊರಿದವರಿಗಷ್ಟೇ ಟಿಕೆಟ್ ಕೊಡುತ್ತಾನೆ. ಮದುವೆ ಚಪ್ಪರಕ್ಕೆ ಒಳಗಡೆಯಿಂದ ದಪ್ಪ ಸೀರೆಗಳನ್ನು ಬಿಗಿಯಾಗಿ ಕಟ್ಟಿ ಅಲಂಕಾರ ಎಂದು ಹೇಳಿಕೊಳ್ಳುತ್ತಾರೆ.

ಹೆಂಡತಿಯ ಹಗ್ಗದಲ್ಲಿ ಬಜಾರಿನ ನಡುವೆ ತೇಲುತ್ತ ಮನೆಗೆ ಹೋಗಲು ನಾಚುವವರೂ ಇದ್ದರು. ಅವರಿಗೆಂದೇ ನಾನು ಆ ಚಪ್ಪಲಿ ಕಂಡುಹಿಡಿದದ್ದು. ಎರಡು ಪದರ ತೊಗಲು, ನಡುವೆ ಗುಜರಿಯಿಂದ ತಂದ ಲಾರಿ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ಕಬ್ಬಿಣ. ಗಿರಾಕಿಗಳು ಅದನ್ನು ತಗಡು ಎನ್ನುತ್ತಿದ್ದರು. ಹೊರಗಿನಿಂದ ನೋಡಿದರೆ ಮಾಮೂಲಿ ಚಪ್ಪಲಿ. ಅದನ್ನು ಹಾಕಿಕೊಂಡವನು ಎಷ್ಟು ಕುಡಿದರೂ ಠೀವಿಯಿಂದ ನೆಲದ ಮೇಲೆ ನಡೆಯಬಹುದಿತ್ತು. ಮೊದಲ ಜೋಡಿ ಮಾಡಿಕೊಂಡದ್ದು ನನಗೇ. ಎಂಟು ವರ್ಷ ಅದರ ಮೇಲೆ ಮರ್ಯಾದಸ್ಥನಾಗಿ ಓಡಾಡಿದೆ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಹೊನ್ನಿ ಊಟಕ್ಕೆ ಕರೆಯಲು ಅಂಗಡಿಗೆ ಬಂದಳು. ಅವಳಿಗೆ ಆಗ ಒಂಬತ್ತು ವರ್ಷ. ನಾನು ಬೆಳಗಿನಿಂದಲೇ ಕುಡಿದಿದ್ದೆ. ಎದ್ದು ಎರಡು ಹೆಜ್ಜೆ ಇಟ್ಟೆ ನೋಡಿ, ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತಿತು. ಊರಿಗೆಲ್ಲ ಚಪ್ಪಲಿ ಹೊಲಿಯುವವನು ತನ್ನದನ್ನು ಮಾತ್ರ ನಾಳೆ ಹೊಲಿದರಾಯಿತು ಎಂದು ವಾರಗಟ್ಟಲೆ ಮುಂದೂಡಿದ್ದ. ಒಂದು ಕಾಲು ಹಗುರಾಗಿ ನಾನು ಓರೆಯಾಗಿ ಮೇಲೇಳತೊಡಗಿದೆ. ಹೊನ್ನಿ ಓಡಿಬಂದು ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ತಬ್ಬಿ ಕೆಳಗೆ ಎಳೆದಳು. ಅವಳ ಭಾರ ಸಾಲಲಿಲ್ಲ. ನನ್ನ ಜೊತೆ ಅವಳೂ ಮೇಲೆ ಬಂದಳು. “ಅಪ್ಪಾ, ಇಳಿ, ಅಪ್ಪಾ, ಇಳಿ” ಎನ್ನುತ್ತಲೇ ಇದ್ದಳು. ಇಳಿಯುವುದು ನನ್ನ ಕೈಯಲ್ಲಿರಲಿಲ್ಲ. ಹುಣಸೆಯ ಮೊದಲ ಕೊಂಬೆಯ ಎತ್ತರಕ್ಕೆ ಹೋದಾಗ ಬಲಗಾಲಿನ ಚಪ್ಪಲಿ ಕಳಚಿ ಅವಳ ಕೈಯಲ್ಲೇ ಉಳಿಯಿತು. ಅವಳು ಚಪ್ಪಲಿಯ ಸಮೇತ ಕೆಳಗೆ ಬಿದ್ದಳು.

ನಾನು ಕೊಂಬೆಗಳ ನಡುವೆ ಸಿಕ್ಕಿಕೊಂಡೆ. ಅವಳ ಎಡಗೈ ತಿರುಚಿಕೊಂಡಿದ್ದು ಮೇಲಿನಿಂದ ಕಾಣುತ್ತಿತ್ತು. ಜನ ಸೇರಿದರು, ನನ್ನ ಹೆಂಡತಿ ತಿಪ್ಪಮ್ಮ ಓಡಿಬಂದಳು, ಯಾರೋ ಆಟೋ ತಂದರು. ತಿಪ್ಪಮ್ಮ ತಲೆಯೆತ್ತಿ ನನ್ನನ್ನು ಒಂದು ಸಲವೂ ನೋಡಲಿಲ್ಲ. ಮಗಳನ್ನು ಎತ್ತಿಕೊಂಡು ಹೋಗುವುದನ್ನು ನಾನು ಮರದಲ್ಲಿ ನೇತಾಡುತ್ತ ನೋಡಿದೆ. ನನ್ನ ಪಾದ ನೆಲಕ್ಕೆ ತಾಗಿದಾಗ ಸಂಜೆ ನಾಲ್ಕಾಗಿತ್ತು. ಆ ಮೂರು ಗಂಟೆಗಳ ಬಗ್ಗೆ ಇಷ್ಟೇ ಹೇಳಬಲ್ಲೆ, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಗಳ ತಲೆ ಮುಟ್ಟಿ ಆಣೆ ಮಾಡಿದೆ. ಒಂಬತ್ತನೆಯ ದಿನ ಮತ್ತೆ ಕುಡಿದೆ. ಈ ಸಲ ಉಂಗುಟಕ್ಕೆ ನೈಲಾನ್ ದಾರದಲ್ಲಿ ಮೂರು ಸುತ್ತು ಹೊಲಿಗೆ ಹಾಕಿದ್ದೆ. ಮನುಷ್ಯ ಸುಧಾರಿಸುವ ಬದಲು ಚಪ್ಪಲಿ ಸುಧಾರಿಸಿತು.

ಹೊನ್ನಿಯ ಕೈ ಕೂಡಿತು, ಮೊಣಕೈ ಹತ್ತಿರ ಸ್ವಲ್ಪ ಸೊಟ್ಟಗಾಯಿತು. ಮೊದಲು ದಿನಾ ನನ್ನ ಕೈ ಹಿಡಿದು ಶಾಲೆಗೆ ಹೋಗುತ್ತಿದ್ದವಳು ಈಗ ರಸ್ತೆಯ ಆಚೆ ಬದಿಯಲ್ಲಿ ಒಬ್ಬಳೇ ನಡೆಯತೊಡಗಿದಳು. ಹೊರಡುವ ಮುಂಚೆ ಹೊಸ್ತಿಲ ಹತ್ತಿರ ಬಗ್ಗಿ ನನ್ನ ಚಪ್ಪಲಿಗಳನ್ನು ಎತ್ತಿ ನೋಡುತ್ತಿದ್ದಳು. ಮೊದಲು ಎಡದ್ದು, ಆಮೇಲೆ ಬಲದ್ದು. ಭಾರಕ್ಕೆ ಅವಳ ಕೈ ಜಗ್ಗುತ್ತಿತ್ತು. ಇದ್ದಲ್ಲೇ ಇಟ್ಟು ಹೋಗುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಗು ಚಪ್ಪಲಿ ಎತ್ತಿಡುವ ಸದ್ದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಸಂಗಮನಾಥರು ಅಂಗಡಿಗೆ ಬಂದರು. ನನ್ನ ಹಳೆಯ ಗಿರಾಕಿ, ದಪ್ಪ ತಗಡಿನವರು. ಚಪ್ಪಲಿ ಬಿಚ್ಚಿ ಮುಂದಿಟ್ಟರು.

“ತಗಡ ತಗದ್ಬಿಡು, ಹುಸೇನಪ್ಪ.”

“ಯಾಕ್ರಿ ಸರ, ಸವದಾವೇನು? ಹೊಸಾವು ಹಾಕ್ಲೇನು?”

“ಹೊಸಾವು ಬ್ಯಾಡ. ತಗಡ ಬ್ಯಾಡ.”

ಮಾಸ್ತರ ಕಾಲು ನೋಡಿದೆ. ಬರಿಗಾಲಲ್ಲಿ, ಎರಡೂ ಹಿಮ್ಮಡಿ ಮಣ್ಣಿಗೆ ಊರಿ ನಿಂತಿದ್ದರು. ಎಂಟು ವರ್ಷಗಳಲ್ಲಿ ಅವರ ಕಾಲಡಿ ಮಣ್ಣು ಮೆತ್ತಿದ್ದನ್ನು ನಾನು ನೋಡಿರಲೇ ಇಲ್ಲ. ಹೊಲಿಗೆ ಬಿಚ್ಚಿ ತಗಡು ತೆಗೆದುಕೊಟ್ಟೆ. ಅದೇ ತಿಂಗಳು ಒಬ್ಬ ಟೆಂಪೋ ಡ್ರೈವರು ಬಂದ, ಆಮೇಲೆ ಹೋಟೆಲಿನ ಭಟ್ಟರು ಬಂದರು, ಎಲ್ಲರದೂ ಒಂದೇ ಮಾತು. ತೆಗೆದ ತಗಡುಗಳು ನನ್ನ ಮೂಲೆಯಲ್ಲಿ ಗುಡ್ಡೆಯಾದವು. ವ್ಯಾಪಾರ ಕೆಡುತ್ತಿದೆ ಎಂಬ ಚಿಂತೆಗಿಂತ ಇವರೆಲ್ಲ ಎಲ್ಲಿಗೆ ಹೋಗಿ ಬರುತ್ತಿದ್ದಾರೆ ಎಂಬ ಕುತೂಹಲ ಹೆಚ್ಚಾಯಿತು. ಸುಮ್ಮನೆ ಕುತೂಹಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮಾಸ್ತರನ್ನು ತಡೆದು ಕೇಳಿದೆ.

“ಮುಚ್ಚಿಡಾಕ ಏನೈತಿ,” ಎಂದರು ಅವರು. “ಹಳೇ ಹತ್ತಿ ಮಾರ್ಕೆಟ್ಟಿನಾಗ ತೂಕದ ಮನಿ ಐತೆಲ್ಲ, ಅಲ್ಲಿ. ಗುರುವಾರ ಸಂಜೀ ಐದಕ್ಕ. ನಮ್ಮಂಥಾವ್ರ ಕೂಡ್ತೀವಿ. ಯಾರನ್ನೂ ಏನೂ ಕೇಳೂದಿಲ್ಲ. ಒಂದ ಮಾತು, ಚಪ್ಪಲಿ ಹೊರಗ ಬಿಡಬೇಕು.”

ಆ ಕೊನೆಯ ಮಾತು ಕೇಳಿ ನನ್ನ ಕಾಲಲ್ಲಿದ್ದ ಚಪ್ಪಲಿಗಳನ್ನು ನೋಡಿಕೊಂಡೆ.

ಗುರುವಾರ ಹೋದೆ. ಧೈರ್ಯಕ್ಕೆಂದು ಸ್ವಲ್ಪ ಹಾಕಿಕೊಂಡೇ ಹೋದೆ. ಕುಡಿತ ಬಿಡುವ ಕಡೆಗೆ ಕುಡಿದು ಹೋಗುವವನ ಬುದ್ಧಿ ಎಂಥದ್ದೆಂದು ನೀವು ನಗಬಹುದು, ಆದರೆ ಆ ಬಾಗಿಲಿಗೆ ಮೊದಲ ಸಲ ಬಂದವರಲ್ಲಿ ಹಾಗೆ ಬಂದವರೇ ಹೆಚ್ಚೆಂದು ಆಮೇಲೆ ಗೊತ್ತಾಯಿತು. ತೂಕದ ಮನೆಯ ಮುಂದೆ ಹನ್ನೊಂದು ಜೋಡಿ ಚಪ್ಪಲಿ ಸಾಲಾಗಿದ್ದವು. ಹತ್ತು ಜೋಡಿ ನನ್ನ ಕೈಕೆಲಸ. ಒಬ್ಬೊಬ್ಬರ ಹೆಸರೂ ಓದಿದಂತಾಯಿತು. ಒಳಗಿನಿಂದ ಯಾರೋ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು. ಒಳಗೆ ಹೋಗಬೇಕೆಂದರೆ ನನ್ನದನ್ನೂ ಅಲ್ಲಿ ಬಿಡಬೇಕು. ಬಿಟ್ಟರೆ ನಾನು ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಭಟ್ಟರ ಚಪ್ಪಲಿಯ ಹೊಲಿಗೆ ಬಿಟ್ಟಿದ್ದು ಕಣ್ಣಿಗೆ ಬಿತ್ತು. ಜೇಬಿನಲ್ಲಿ ಸೂಜಿ ಇದ್ದೇ ಇರುತ್ತದೆ. ಕೂತು ಹೊಲಿದೆ. ಹೊಲಿದು ಮುಗಿಸಿ ಮನೆಗೆ ಹೋದೆ.

ಮುಂದಿನ ಗುರುವಾರವೂ ಹಾಗೇ ಆಯಿತು. ಅದರ ಮುಂದಿನ ಗುರುವಾರ ದಾರ, ಮೇಣ, ಉಳಿ ಎಲ್ಲ ತಂದು ಸರಿಯಾಗಿ ಅಂಗಡಿಯನ್ನೇ ಹೂಡಿದೆ. ಒಳಗಿನವರ ಚಪ್ಪಲಿಗಳೆಲ್ಲ ಗಟ್ಟಿಮುಟ್ಟಾದವು, ನಾನು ಮಾತ್ರ ಹೊರಗೇ ಇದ್ದೆ. ನಾಲ್ಕನೆಯ ವಾರ ಬಾಗಿಲು ತೆರೆದು ಪ್ರೇಮಲತಾ ಸಿಸ್ಟರು ಹೊರಗೆ ಬಂದರು. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿ ರಿಟೈರಾದ ನರ್ಸಮ್ಮ. ಹೊನ್ನಿಯನ್ನು ಮೊದಲು ಎತ್ತಿಕೊಂಡ ಕೈ ಅವರದು. ಹನ್ನೊಂದನೆಯ ಜೋಡಿ, ಆ ರಬ್ಬರಿನ ಚಪ್ಪಲಿ, ಅವರದೇ. ನಮಗೆಲ್ಲ ಔಷಧಿ ಕೊಡಲು ಬರುತ್ತಾರೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಅವರೂ ಸೀರೆಯ ಅಂಚಿನಲ್ಲಿ ಸೀಸದ ಗುಂಡು ಹೊಲಿಸಿಕೊಂಡು ನೆಲದ ಮೇಲಿದ್ದರು ಎಂಬುದು ದರ್ಜಿಯೊಬ್ಬನಿಗೇ ಗೊತ್ತಿತ್ತು.

“ಹುಸೇನಪ್ಪ, ಇಲ್ಲಿ ಹೊಲಿಯೂ ಚಪ್ಪಲಿ ಒಂದೂ ಉಳದಿಲ್ಲ,” ಎಂದರು. “ಇನ್ನೇನ ಮಾಡ್ತಿ? ಒಳಗ ಬಾ.”

“ನಾ ಇಲ್ಲೇ ಸುಮ್ನ ಕುಂತೀನ್ರಿ ಸಿಸ್ಟರ. ನಾ ಇವತ್ತ ಕುಡದಿಲ್ರಿ.”

“ಹಂಗಾರ ಚಪ್ಪಲಿ ಬಿಡು.”

ನಾನು ತಲೆ ತಗ್ಗಿಸಿದೆ. ಅವರು ನಗಲಿಲ್ಲ. ಒಳಗಿನಿಂದ ಹಗ್ಗ ತಂದು, ಬಗ್ಗಿ, ನನ್ನ ಕಣಕಾಲಿಗೆ ಕಟ್ಟಿದರು. “ಮೊದಲ ಹಗ್ಗ, ಆಮ್ಯಾಲೆ ಚಪ್ಪಲಿ. ಇದು ನಮ್ಮ ಪದ್ಧತಿ. ಹಾಂ, ಈಗ ಬಿಚ್ಚು.”

ಬಿಚ್ಚಿದೆ. ಹೊಸ್ತಿಲ ಹೊರಗೆ ನನ್ನ ಎರಡು ಚಪ್ಪಲಿ ಕೂತವು, ನಾನು ಒಳಗೆ ತೇಲಿ ಹೋಗಿ ತೊಲೆಗೆ ತಾಗಿದೆ. ತಲೆಗೆ ಪೆಟ್ಟಾಗುತ್ತದೆ ಎಂದು ಕಣ್ಣು ಮುಚ್ಚಿದ್ದೆ, ಮೆತ್ತಗೆ ತಾಗಿತು. ಕಣ್ಣು ಬಿಟ್ಟು ನೋಡಿದರೆ ಸೂರಿಗೆಲ್ಲ ಉದ್ದಕ್ಕೂ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿದ ಕೌದಿ ಬಡಿದಿದ್ದಾರೆ. ಕೆಳಗೆ ಜಮಖಾನೆಯ ಮೇಲೆ ಎಲ್ಲರೂ ಸುತ್ತ ಕೂತಿದ್ದರು. ಯಾರೂ ನನ್ನನ್ನು ಕೆಳಗೆ ಎಳೆಯಲಿಲ್ಲ. ಹಗ್ಗದ ತುದಿಯನ್ನು ಮಾಸ್ತರು ಸುಮ್ಮನೆ ಮುಷ್ಟಿಯಲ್ಲಿ ಹಿಡಿದಿದ್ದರು. ಟೆಂಪೋ ಡ್ರೈವರು ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದ. ಮೇಲಿನಿಂದ ಅವನ ಬೋಳಾಗುತ್ತಿರುವ ನೆತ್ತಿ, ಸಿಸ್ಟರ ಬೈತಲೆ, ಭಟ್ಟರ ಕಿವಿಯ ಹಿಂದಿನ ಗಾಯದ ಗುರುತು, ಎಲ್ಲ ಕಾಣುತ್ತಿತ್ತು. ಕಾಲುಗಳಿಂದಷ್ಟೇ ಪರಿಚಯವಿದ್ದವರನ್ನು ನಾನು ಅಂದು ನೆತ್ತಿಯಿಂದ ನೋಡಿದೆ.

ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರು ಕೇಳಿದರು, “ಹುಸೇನಪ್ಪ, ಏನರ ಹೇಳ್ತಿಯೇನು? ಹೇಳಾಕಬೇಕಂತೇನಿಲ್ಲ.”

“ತಗಡಿನ ಚಪ್ಪಲಿ ಮಾಡಾಂವ ನಾನಽ,” ಎಂದೆ.

“ಅದು ಗೊತ್ತೈತೆಪ್ಪ,” ಎಂದರು ಭಟ್ಟರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ಅದು ಅಳುವಾಯಿತು. ತೊಲೆಗೆ ಅಂಟಿಕೊಂಡೇ ಹುಣಸೆ ಮರದ ಕತೆ ಹೇಳಿದೆ. ಹೇಳಿ ಮುಗಿಸಿ ಕಣ್ಣೊರೆಸಿಕೊಳ್ಳಲು ಕೌದಿಯ ಕಡೆ ಮುಖ ತಿರುಗಿಸಿದಾಗ, ಮೂಗಿನ ಮುಂದೆ ಒಂದು ತುಂಡು ಬಟ್ಟೆ ಕಂಡಿತು. ಹಳದಿಯ ಮೇಲೆ ಕೆಂಪು ಬಾತುಕೋಳಿಗಳು. ಹೊನ್ನಿಯ ಮೊದಲ ಫ್ರಾಕು. ಅದರ ಪಕ್ಕದಲ್ಲಿ ನನ್ನ ಮದುವೆಯ ಅಂಗಿಯ ತೋಳು. ಆ ಹೊಲಿಗೆಯ ಓಟ ನನಗೆ ಗೊತ್ತು. ಅದು ತಿಪ್ಪಮ್ಮನ ಕೈ.

ಇಳಿದ ಮೇಲೆ ಸಿಸ್ಟರನ್ನು ಬೇರೇನೂ ಕೇಳಲಿಲ್ಲ, ಯಾಕೆ ಎಳೆಯಲಿಲ್ಲ ಎಂದಷ್ಟೇ ಕೇಳಿದೆ. “ಎಳದವರ ಕೈ ಎಷ್ಟೊತ್ತ ತಡೀತೈತಿ?” ಎಂದರು ಅವರು. “ಎಳೀಬಾರ್ದು, ಹಿಡ್ಕೊಂಡಿರಬೇಕು. ಅದೂ ದೊಡ್ಡವರು ಹಿಡ್ಕೋಬೇಕು. ಮಕ್ಕಳ ಕೆಲಸಲ್ಲ ಅದು.”

ಮನೆಗೆ ಹೋದಾಗ ತಿಪ್ಪಮ್ಮ ರೊಟ್ಟಿ ತಟ್ಟುತ್ತಿದ್ದಳು. “ತೂಕದ ಮನಿಗೆ ಕೌದಿ ಯಾವಾಗ ಕೊಟ್ಟಿ?” ಎಂದು ಕೇಳಿದೆ.

“ಹೋದ ದೀಪಾವಳಿಗೆ. ಸಿಸ್ಟರ ಕೇಳಿದ್ರು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಹೋಗ್ತಿದ್ದೇನು?” ರೊಟ್ಟಿ ಮಗುಚಿ ಹಾಕಿದಳು. “ಒಂದಲ್ಲಾ ಒಂದಿನ ಅಲ್ಲಿ ತಲಿ ಬಡಸ್ಕೋತಿ ಅಂತ ಗೊತ್ತಿತ್ತು. ಪೆಟ್ಟಾಗಬಾರ್ದಂತ ಎರಡ ಪದರ ಹೆಚ್ಚಿಗಿ ಹೊಲದೆ.”

ಅವಳ ಮುಂದೆ ಕೂತು ಉಣ್ಣಲು ಆಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನನ್ನ ಚಪ್ಪಲಿಯ ಹೊಲಿಗೆ ಬಿಚ್ಚಿದೆ. ತಗಡು ತೆಗೆದು ಬರಿ ತೊಗಲನ್ನು ಹೊಲಿದೆ. ಮರುದಿನ ಬೆಳಿಗ್ಗೆ ಹೊನ್ನಿ ಎಂದಿನಂತೆ ಬಗ್ಗಿ ಎಡಗಾಲಿನದನ್ನು ಎತ್ತಿದಳು. ಭಾರವಿರುತ್ತದೆಂದು ಬಲ ಹಾಕಿದ್ದಳೋ ಏನೋ, ಚಪ್ಪಲಿ ಅವಳ ಹಣೆಯವರೆಗೆ ಹಾರಿ ಬಂತು. ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟು ಹೋದಳು. ಕೈ ಕೊಡಲಿಲ್ಲ. ಒಂದೇ ದಿನಕ್ಕೆ ಕೊಡುತ್ತಾಳೆ ಎಂದು ನಾನು ಆಸೆಪಟ್ಟದ್ದು ನನ್ನ ತಪ್ಪು.

ನಲವತ್ತೊಂದು ದಿನ ಕುಡಿಯಲಿಲ್ಲ. ನಲವತ್ತೆರಡನೆಯ ದಿನ ತಿಪ್ಪಮ್ಮನ ಅಣ್ಣನ ಮಗಳ ಮದುವೆ. ಅಡುಗೆ ಮನೆಯ ಹಿಂದೆ ಹಳೆಯ ಗೆಳೆಯರು ಕೂತಿದ್ದರು. ಕಾರಣ ಕೊಡುವುದಿಲ್ಲ, ಯಾವ ಕಾರಣವೂ ಇರಲಿಲ್ಲ. ಐದಾರು ಗ್ಲಾಸು ಕುಡಿದು ಚಪ್ಪರಕ್ಕೆ ಬಂದು ಊಟದ ಪಂಕ್ತಿಯ ಪಕ್ಕ ನಿಂತಾಗ ಅಂಗಾಲು ತಣ್ಣಗಾಯಿತು. ಚಪ್ಪಲಿಯಲ್ಲಿ ತಗಡಿಲ್ಲ ಎಂಬುದು ಆಗ ನೆನಪಾಯಿತು. ನೆಲಕ್ಕೂ ನನಗೂ ಎರಡು ಬೆರಳಿನ ಸಂದು ಬಿದ್ದಿತ್ತು. ಚಪ್ಪರದ ಕಂಬ ಹಿಡಿದುಕೊಂಡೆ. ಧೋತರ ಕಾಲು ಮುಚ್ಚಿದ್ದರಿಂದ ಇನ್ನೂ ಯಾರಿಗೂ ಕಂಡಿರಲಿಲ್ಲ.

ಗಿರಾಕಿಯೊಬ್ಬ ನನ್ನ ಕೈ ಕಂಬ ಹಿಡಿದ ರೀತಿಯಿಂದಲೇ ಗುರುತು ಹಿಡಿದ. ಅವನು ಒಳ್ಳೆಯ ಮನುಷ್ಯ. ತನ್ನ ಚೀಲದಿಂದ ಒಂದು ಜೋಡಿ ತಗಡಿನ ಚಪ್ಪಲಿ ತೆಗೆದು ಮೆಲ್ಲಗೆ ನನ್ನ ಕಾಲ ಕೆಳಗೆ ಸರಿಸಿದ. ನಾನೇ ಮಾಡಿಕೊಟ್ಟಿದ್ದವು.

“ಹಾಕ್ಕೊ, ಹಾಕ್ಕೊ. ಯಾರಿಗೂ ತಿಳಿಯೂದಿಲ್ಲ.”

ನನ್ನ ಚಪ್ಪಲಿ ಕಳಚಿ ಹೆಬ್ಬೆರಳನ್ನು ಅದರ ಉಂಗುಟದೊಳಗೆ ತೂರಿಸಿಯೂ ಬಿಟ್ಟಿದ್ದೆ. ಆಗ ಎದುರಿನ ಪಂಕ್ತಿಯಲ್ಲಿ ಹುಡುಗಿಯರ ನಡುವೆ ಹೊನ್ನಿ ಕಂಡಳು. ಎಲೆಯ ಮುಂದೆ ಕೂತು, ತುತ್ತು ಕೈಯಲ್ಲೇ ಇಟ್ಟುಕೊಂಡು, ನನ್ನ ಕಾಲನ್ನೇ ನೋಡುತ್ತಿದ್ದಳು. ಮುಖವನ್ನಲ್ಲ. ನನ್ನ ಮಗಳಲ್ಲವೇ, ಅವಳೂ ಕಾಲು ನೋಡುವುದನ್ನು ಕಲಿತುಬಿಟ್ಟಿದ್ದಳು. ಅವಳಿಗೆ ಅದನ್ನು ಕಲಿಸಿದ್ದು ನಾನು.

ಹೆಬ್ಬೆರಳನ್ನು ಹೊರಗೆಳೆದೆ. “ಬ್ಯಾಡ,” ಎಂದೆ ಆ ಗಿರಾಕಿಗೆ. “ಡ್ರಾಯಿಂಗ್ ಮಾಸ್ತರನ್ನ ಕರೀರಿ. ಹಗ್ಗ ತರಾಕ ಹೇಳ್ರಿ.” ಆಮೇಲೆ ಕಂಬ ಬಿಟ್ಟೆ.

ಚಪ್ಪರದ ಸೀರೆಗೆ ತಾಗಿ ನಿಂತೆ. ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿದರು. ಬೀಗರ ಕಡೆಯವರು ಏನೇನೋ ಅಂದರು, ತಿಪ್ಪಮ್ಮನ ಅಣ್ಣ ಮುಖ ತಿರುಗಿಸಿಕೊಂಡ. ಮಾಸ್ತರು ಹಗ್ಗ ತಂದು ಕುರ್ಚಿಯ ಮೇಲೆ ಹತ್ತಿ ನನ್ನ ಕಣಕಾಲಿಗೆ ಕಟ್ಟಿದರು. ಹಾಡಹಗಲು ಬಜಾರಿನ ನಡುವೆ, ಎಂಟು ವರ್ಷ ಯಾವುದಕ್ಕೆ ಹೆದರಿ ಕಬ್ಬಿಣ ಹೊಲಿದುಕೊಂಡಿದ್ದೆನೋ ಅದೇ ರೀತಿ, ಆಳೆತ್ತರದಲ್ಲಿ ತೇಲುತ್ತ ಮನೆಗೆ ಹೋದೆ. ಅಂಗಡಿಯವರು ಹೊರಗೆ ಬಂದು ನೋಡಿದರು. ಮಾಸ್ತರು ಎಳೆಯದೆ, ಅವಸರ ಮಾಡದೆ, ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳುತ್ತ ನಡೆದರು.

ಮರುದಿನ ಬೆಳಿಗ್ಗೆ ಹೊನ್ನಿ ಹೊಸ್ತಿಲಲ್ಲಿ ಚಪ್ಪಲಿ ಎತ್ತಿ ನೋಡಿ, ತಿಂಗಳುಗಳ ನಂತರ ಮೊದಲ ಸಲ ಆ ವಿಷಯದಲ್ಲಿ ಬಾಯಿಬಿಟ್ಟಳು.

“ನಿನ್ನೆ ಆ ಕಾಕಾ ಚಪ್ಪಲಿ ಕೊಟ್ಟಿದ್ದ.”

“ಹೂಂ.”

“ನೀ ಹಾಕ್ಕೊಳ್ಳಲಿಲ್ಲ.”

“ಇಲ್ಲ.”

ಇನ್ನೇನೋ ಕೇಳುತ್ತಾಳೆ ಎಂದು ಕಾದೆ. ಚಪ್ಪಲಿಯನ್ನು ಇದ್ದಲ್ಲೇ ಇಟ್ಟು ಹೋದಳು, ರಸ್ತೆಯ ಆಚೆ ಬದಿಯಿಂದಲೇ.

ಮುಂದಿನ ಗುರುವಾರ ತೂಕದ ಮನೆಯಲ್ಲಿ ಮತ್ತೆ ಒಂದನೆಯ ದಿನದಿಂದ ಎಣಿಸಲು ಶುರುಮಾಡಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಭಟ್ಟರು ಚಹಾ ಕೊಟ್ಟರು. ತಗಡಿನ ಚಪ್ಪಲಿ ಮಾಡುವುದನ್ನು ನಿಲ್ಲಿಸಿದೆ. ಕೇಳಿಕೊಂಡು ಬಂದವರಿಗೆ ಜಾಗ ಹೇಳುತ್ತೇನೆ, ಗುರುವಾರ ಐದಕ್ಕೆ, ಚಪ್ಪಲಿ ಹೊರಗೆ ಬಿಡಬೇಕು ಎನ್ನುತ್ತೇನೆ. ಕೆಲವರು ಸಿಟ್ಟಾಗಿ ಹೋಗುತ್ತಾರೆ. ಕೆಲವರು ಬಂದು ಬಾಗಿಲ ಹೊರಗೆ ಅಡ್ಡಾಡುತ್ತಾರೆ. ಅಂಥವರು ಕಂಡರೆ ನಾನೇ ಹಗ್ಗ ಹಿಡಿದು ಹೊರಗೆ ಹೋಗುತ್ತೇನೆ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಆ ದಿನ ಗಾಳಿ ಜೋರಾಗಿತ್ತು, ಎಲ್ಲಿಂದಲೋ ಹಾರಿಬಂದ ಹುಣಸೆಯ ಎಲೆಗಳು ಅಂಗಳದ ತುಂಬ ಬಿದ್ದಿದ್ದವು. ಹೊನ್ನಿ ಹೊಸ ಪುಸ್ತಕಗಳ ಚೀಲ ಬೆನ್ನಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು. ಬಗ್ಗಿ ಎಡದ್ದನ್ನು ಎತ್ತಿದಳು, ಬಲದ್ದನ್ನು ಎತ್ತಿದಳು. ಎರಡನ್ನೂ ನನ್ನ ಕಾಲ ಮುಂದೆ ಜೋಡಿಸಿಟ್ಟಳು. ನಾನು ಹಾಕಿಕೊಂಡೆ. ಅವಳು ಹೋಗಲಿಲ್ಲ. ಅಂಗಳದ ಗಾಳಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಬೆನ್ನಿನ ಚೀಲ ಇಳಿಸಿ ನನ್ನ ಕಡೆ ಚಾಚಿದಳು.

“ಇದನ್ನ ಹಾಕ್ಕೊ. ಗಾಳಿ ಭಾಳ ಐತಿ.”

ಆ ದಿನಕ್ಕೆ ನಾನು ಕುಡಿಯದೆ ತೊಂಬತ್ತಮೂರು ದಿನಗಳಾಗಿದ್ದವು. ಯಾವ ಗಾಳಿಯೂ ನನ್ನನ್ನು ಏನೂ ಮಾಡುತ್ತಿರಲಿಲ್ಲ. ಆದರೂ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಅವಳು ತನ್ನ ಎಡಗೈ, ಆ ಸೊಟ್ಟ ಕೈ, ನನ್ನ ಕೈಯೊಳಗೆ ಇಟ್ಟಳು. ಶಾಲೆ ಬರುವವರೆಗೂ ನನ್ನ ಕಾಲುಗಳನ್ನೇ ನೋಡುತ್ತ ನಡೆದಳು. ಕೈ ಮಾತ್ರ ಬಿಡಲಿಲ್ಲ.